ಫಾರ್ಮ್ಯಾಟ್ ಹೊಡಿಯೋಕಿಂತ ಮೊದ್ಲ ಪಟ್ಟಿ ಓದ್ರಿ

ನಮ್ಮ ಹಾವೇರಿ ಜಿಲ್ಲೆ ಕಡೆ ಕಂಪ್ಯೂಟರಿಗೆ ಯಾವ ಕಾಯಿಲೆ ಬಂದರೂ ಔಷಧ ಒಂದೇ: ಫಾರ್ಮ್ಯಾಟ್. ಸ್ಲೋ ಆಯ್ತಾ? ಫಾರ್ಮ್ಯಾಟ್ ಹೊಡೀರಿ. ಆನ್ ಮಾಡಿದ ಕೂಡಲೇ ಏನೋ ಎರರ್ ಬರ್ತಿದೆಯಾ? ಫಾರ್ಮ್ಯಾಟ್. ಚಹಾ ಕುಡಿದು ಬಂದರೂ ಪರದೆ ಮೇಲೆ ಚಕ್ರ ತಿರುಗ್ತಾನೇ ಇದೆಯಾ? "ಅಣ್ಣಾರ, ಇದು ಹಳೇದಾತ್ರಿ, ಫಾರ್ಮ್ಯಾಟ್ ಹೊಡಿಬೇಕು." ರಾಣೆಬೆನ್ನೂರಿನ ರಿಪೇರಿ ಅಂಗಡಿಯಲ್ಲೂ ಇದೇ ಮಾತು, ನಮ್ಮ ಹಾಸ್ಟೆಲ್ ರೂಮಿನಲ್ಲೂ ಇದೇ ಮಾತು. ಊರಿಗೆ ಹೋದರಂತೂ ಕೇಳೋದೇ ಬೇಡ. "ಇಂಜಿನಿಯರಿಂಗ್ ಓದಾಕತ್ತೀರಿ, ಇದನ್ನೊಂದ್ ಫಾರ್ಮ್ಯಾಟ್ ಹೊಡದು ಕೊಡ್ರಿ" ಅಂತ ಮಾವನ ಲ್ಯಾಪ್‌ಟಾಪಿನಿಂದ ಹಿಡಿದು ಪಕ್ಕದ ಮನೆ ಡೆಸ್ಕ್‌ಟಾಪಿನವರೆಗೆ ಎಲ್ಲವೂ ನಮ್ಮ ಮುಂದೆ ಬರುತ್ತವೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಆನ್ ಆಗುವಾಗ ತೊಂದರೆ ಕೊಡುವ ಕಂಪ್ಯೂಟರಿಗೆ ಮೊದಲು ಬೇಕಿರೋದು ಫಾರ್ಮ್ಯಾಟ್ ಅಲ್ಲ. ಅದು ಆನ್ ಆದಾಗ ತಾನಾಗಿಯೇ ಏನೇನು ಶುರುವಾಗುತ್ತೆ ಅನ್ನೋ ಪಟ್ಟಿಯನ್ನು ಒಬ್ಬರು ಕೂತು ಓದಬೇಕು, ಓದಿದ್ದನ್ನು ಆ ಕಂಪ್ಯೂಟರಿನ ಯಜಮಾನರಿಗೆ ಕನ್ನಡದಲ್ಲಿ ತಿಳಿಸಬೇಕು. ಈ ಕೆಲಸ ಮಾಡಬೇಕಾದವರು ನಾವು, ಅಂದರೆ ಇದನ್ನು ಓದುತ್ತಿರುವ ನೀವೂ ಸೇರಿ.

ಒಂದೇ ಬಾಗಿಲಿನ ಬಸ್ಸು

ಪವರ್ ಬಟನ್ ಒತ್ತಿದ ಮೇಲೆ ಏನಾಗುತ್ತೆ ಅಂತ ಬೇಗ ನೋಡಿಬಿಡೋಣ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ ಏಳುತ್ತೆ. ಅದು ಡಿಸ್ಕಿನಲ್ಲಿರುವ ಬೂಟ್ ಲೋಡರನ್ನು ಎಬ್ಬಿಸುತ್ತೆ, ಬೂಟ್ ಲೋಡರು ಕರ್ನೆಲನ್ನು ಎಬ್ಬಿಸುತ್ತೆ. ಆಮೇಲೆ ಡ್ರೈವರುಗಳು, ಅವುಗಳ ಹಿಂದೆ ಸರ್ವಿಸ್‌ಗಳು. ಇಷ್ಟು ಆದ ಮೇಲೆ ನಾವು ಪಾಸ್‌ವರ್ಡ್ ಹಾಕ್ತೀವಿ, ಡೆಸ್ಕ್‌ಟಾಪ್ ಕಾಣುತ್ತೆ. ಕಂಪ್ಯೂಟರ್ ರೆಡಿ ಅಂದ್ಕೋತೀವಿ. ಆದರೆ ನೂಕುನುಗ್ಗಲು ಶುರುವಾಗೋದೇ ಆಗ. ರಿಜಿಸ್ಟ್ರಿಯ "ರನ್" ಅನ್ನೋ ಜಾಗದಲ್ಲಿ ಬರೆದಿರುವವು, ಸ್ಟಾರ್ಟಪ್ ಫೋಲ್ಡರಿನಲ್ಲಿ ಇರುವವು, ಟಾಸ್ಕ್ ಶೆಡ್ಯೂಲರಿನಲ್ಲಿ "ಲಾಗಿನ್ ಆದ ಕೂಡಲೇ" ಅಂತ ಹೇಳಿಟ್ಟಿರುವವು, ಎಲ್ಲವೂ ಹೆಚ್ಚು ಕಡಿಮೆ ಒಟ್ಟಿಗೇ ಏಳುತ್ತವೆ.

ಸಂಜೆ ಹೊತ್ತು ರಾಣೆಬೆನ್ನೂರು ಬಸ್ ಸ್ಟ್ಯಾಂಡಿಗೆ ಹಳ್ಳಿ ಕಡೆ ಹೋಗುವ ಬಸ್ಸು ಬಂದಾಗ ಏನಾಗುತ್ತೆ ನೆನಪಿಸಿಕೊಳ್ಳಿ. ಒಂದೇ ಬಾಗಿಲು, ಐವತ್ತು ಮಂದಿ. ಇಳಿಯೋರಿಗೂ ಜಾಗ ಇಲ್ಲ, ಹತ್ತೋರಿಗೂ ಇಲ್ಲ. ಹಳೆಯ ಹಾರ್ಡ್ ಡಿಸ್ಕ್ ಹೀಗೇ ಒಂದು ಬಾಗಿಲಿನ ಬಸ್ಸು. ಅದರ ಒಳಗೆ ಓದುವ ಮುಳ್ಳು ಒಂದು ಹೊತ್ತಿಗೆ ಒಂದೇ ಕಡೆ ಇರಬಲ್ಲದು. ಹತ್ತು ಪ್ರೋಗ್ರಾಂಗಳು ಹತ್ತು ಕಡೆಯಿಂದ ಕೂಗಿದರೆ ಅದು ಅತ್ತಿಂದಿತ್ತ ಓಡಾಡುವುದರಲ್ಲೇ ಸುಸ್ತು. ಇನ್ನು ಕೆಲವರು ಬಸ್ಸು ಹತ್ತೋದೇ ಇಲ್ಲ, ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿತಾರೆ. ಪ್ರೋಗ್ರಾಂಗಳಲ್ಲೂ ಅಂಥವು ಇವೆ. ನಮಗೆ ಅವು ಈಗ ಬೇಡ. ಆದರೆ ಸಂಜೆ ಯಾವಾಗಲೋ ತೆರೆದಾಗ ತಾನು ಬೇಗ ಬಂದೆ ಅನ್ನಿಸಿಕೊಳ್ಳಲಿಕ್ಕೆ ಮುಂಜಾನೆಯೇ ಬಂದು ಮೆಮೊರಿಯಲ್ಲಿ ಟವೆಲ್ ಹಾಕಿರುತ್ತವೆ.

ಸೀಟಿಗೆ ಟವೆಲ್ ಹಾಕಿದವರು ಯಾರು ಅಂತ ನೋಡದೆ "ಬಸ್ಸೇ ಸರಿ ಇಲ್ಲ, ಗುಜರಿಗೆ ಹಾಕಿ" ಅಂದರೆ ಹೇಗಿರುತ್ತೆ? ಫಾರ್ಮ್ಯಾಟ್ ಅಂದರೆ ಹೆಚ್ಚು ಕಡಿಮೆ ಇದೇ.

ಹಲಗೇರಿಯಲ್ಲಿ ಓದಿದ ಪಟ್ಟಿ

ಹೋದ ರಜೆಯಲ್ಲಿ ನಾವು ಮೂವರು ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯ ಒಂದು ಆನ್‌ಲೈನ್ ಸೆಂಟರಿನಲ್ಲಿ ಅರ್ಧ ದಿನ ಕೂತಿದ್ವಿ. ಆನ್‌ಲೈನ್ ಸೆಂಟರ್ ಅಂದರೆ ಗೊತ್ತಲ್ಲ: ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮಷಿನ್, ಬೆರಳು ಒತ್ತುವ ಪುಟ್ಟ ಡಿವೈಸ್. ಪಹಣಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಬೆಳೆ ವಿಮೆ, ಸ್ಕಾಲರ್‌ಶಿಪ್ ಅರ್ಜಿ, ನಡುನಡುವೆ ಮದುವೆ ಕಾರ್ಡು, ತೊಟ್ಟಿಲು ಕಾರ್ಯಕ್ರಮದ ಬ್ಯಾನರು. ಊರಿನ ಅರ್ಧ ಕಚೇರಿ ಕೆಲಸ ಆ ಒಂದು ಟೇಬಲ್ ಮೇಲೆ ನಡೆಯುತ್ತೆ.

ಯಜಮಾನರ ದೂರು ಸರಳ. "ಒಂಬತ್ತಕ್ಕ ಆನ್ ಮಾಡಿದ್ರ ಒಂಬತ್ತೂ ಕಾಲಿಗೆ ಕೆಲಸಕ್ಕ ಬರ್ತೈತಿ ತಮ್ಮಾ. ಅಷ್ಟೊತ್ತಿಗೆ ಹೊರಗ ಹತ್ತು ಮಂದಿ ನಿಂತಿರ್ತಾರ." ಮೇಲೆ ಇನ್ನೊಂದು: ದಿನಾ ಆನ್ ಮಾಡಿದ ಕೂಡಲೇ ಯಾವುದೋ ಫೈಲ್ ಸಿಗ್ತಿಲ್ಲ ಅನ್ನೋ ಒಂದು ಡಬ್ಬಿ ಪರದೆ ಮೇಲೆ ಬರುತ್ತೆ, ಓಕೆ ಒತ್ತಿದರೆ ಹೋಗುತ್ತೆ. ಆ ಕಂಪ್ಯೂಟರಿಗೆ ಒಂದೇ ವರ್ಷದಲ್ಲಿ ಎರಡು ಸಲ ಫಾರ್ಮ್ಯಾಟ್ ಆಗಿತ್ತು. ಎರಡೂ ಸಲ ಕೆಲವು ವಾರ ಚೆನ್ನಾಗಿ ಓಡಿ ಮತ್ತೆ ಅದೇ ಸ್ಥಿತಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಸ್ಟಾರ್ಟಪ್ ಅನ್ನೋ ಪುಟ. ವಿಂಡೋಸ್ 8 ಬಂದಾಗಿನಿಂದ, ಅಂದರೆ 2012ರಿಂದ ಇದು ಅಲ್ಲೇ ಇದೆ. ಅದಕ್ಕೂ ಮೊದಲು ಎಂಎಸ್‌ಕಾನ್ಫಿಗ್ ತೆರೆಯಬೇಕಿತ್ತು. ಹಲಗೇರಿಯ ಆ ಪಟ್ಟಿಯಲ್ಲಿ ಹದಿನೆಂಟು ಹೆಸರು ಇದ್ದವು. ಒಂದೊಂದನ್ನೇ ಗಟ್ಟಿಯಾಗಿ ಓದಿದ್ವಿ, ಯಜಮಾನರನ್ನು ಕೇಳ್ತಾ ಹೋದ್ವಿ: "ಇದು ನಿಮಗೆ ಗೊತ್ತೇನ್ರೀ? ಇದನ್ನ ಯಾರು ಕರದಾರ?"

ಲಾಕ್‌ಡೌನ್ ಕಾಲದಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ಬಂದ ಮೀಟಿಂಗ್ ಆ್ಯಪ್ ಒಂದು. ಮಗ ಹಾಕಿದ ಗೇಮಿನ ಲಾಂಚರ್ ಒಂದು. ಮೂರು ಬ್ರೌಸರ್, ಅವುಗಳಲ್ಲಿ ಎರಡನ್ನು ಅವರು ಒಮ್ಮೆಯೂ ತೆರೆದವರಲ್ಲ. ಎರಡು ಆ್ಯಂಟಿವೈರಸ್, ಒಂದರ ಟ್ರಯಲ್ ಯಾವಾಗಲೋ ಮುಗಿದಿತ್ತು, ಆದರೂ ದಿನಾ ಮುಂಜಾನೆ ಎದ್ದು "ದುಡ್ಡು ಕಟ್ಟಿ" ಅಂತ ಕೇಳಿ ಹೋಗ್ತಿತ್ತು. ಮಾರಿಹಾಕಿದ ಹಳೇ ಪ್ರಿಂಟರಿನ ಇಂಕ್ ನೋಡುವ ಪ್ರೋಗ್ರಾಂ ಒಂದು, ಪ್ರಿಂಟರೇ ಇಲ್ಲ! ಇನ್ನೊಂದರ ಹೆಸರು ಬರೀ "ಪ್ರೋಗ್ರಾಂ" ಅಂತ, ಚಿತ್ರವೂ ಇಲ್ಲ, ಕಂಪನಿಯ ಹೆಸರೂ ಇಲ್ಲ. ಹದಿನೆಂಟರಲ್ಲಿ ಯಜಮಾನರು ತಾವಾಗಿ ಬೇಕು ಅಂತ ಹಾಕಿಕೊಂಡಿದ್ದು ನಾಲ್ಕೇ ನಾಲ್ಕು.

ಆ "ಪ್ರೋಗ್ರಾಂ" ಅನ್ನೋ ಅನಾಮಿಕನೇ ದಿನಾ ಡಬ್ಬಿ ತೋರಿಸುತ್ತಿದ್ದವನು. ಇದು ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿ. ಸಾಫ್ಟ್‌ವೇರ್ ತೆಗೆದುಹಾಕಿದಾಗ ಫೈಲು ಹೋಗುತ್ತೆ, ಆದರೆ ರಿಜಿಸ್ಟ್ರಿಯಲ್ಲಿ ಬರೆದ ಸಾಲು ಉಳಿಯುತ್ತೆ. ಆ ಸಾಲಿನ ವಿಳಾಸ "ಪ್ರೋಗ್ರಾಂ ಫೈಲ್ಸ್" ಅನ್ನೋ ಫೋಲ್ಡರಿನಿಂದ ಶುರುವಾಗುತ್ತೆ. ಎರಡು ಪದಗಳ ನಡುವೆ ಒಂದು ಖಾಲಿ ಜಾಗ ಇದೆ. ವಿಳಾಸಕ್ಕೆ ಉದ್ಧರಣ ಚಿಹ್ನೆ ಹಾಕದೆ ಬರೆದಿದ್ದರೆ ವಿಂಡೋಸ್ ಆ ಖಾಲಿ ಜಾಗದವರೆಗೆ ಮಾತ್ರ ಓದಿ "ಪ್ರೋಗ್ರಾಂ" ಅಂತ ತೋರಿಸುತ್ತೆ. ತೀರಿಕೊಂಡವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದ ಹಾಗೆ ಅಷ್ಟೇ. ಇದಕ್ಕಾಗಿ ಇಡೀ ಊರನ್ನೇ ಖಾಲಿ ಮಾಡಿಸೋದು ಬೇಕಾ?

ಹನ್ನೊಂದನ್ನು ಡಿಸೇಬಲ್ ಮಾಡಿದ್ವಿ. ಮರುದಿನ ಆ ಕಂಪ್ಯೂಟರ್ ಕೆಲಸಕ್ಕೆ ಬರಲು ನಾಲ್ಕೈದು ನಿಮಿಷ ಸಾಕಾಯ್ತು. ಡಬ್ಬಿಯೂ ಬರಲಿಲ್ಲ. ಹೊಸ ಸಾಮಾನು ಏನೂ ತರಲಿಲ್ಲ, ಒಂದು ಫೈಲೂ ಹೋಗಲಿಲ್ಲ.

ಇಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು: ಫಾರ್ಮ್ಯಾಟ್ ಆದ ಮೇಲೂ ತೊಂದರೆ ಯಾಕೆ ವಾಪಸ್ ಬರ್ತಿತ್ತು? ಫಾರ್ಮ್ಯಾಟ್ ಪರಿಣಾಮವನ್ನು ಅಳಿಸುತ್ತೆ, ಕಾರಣವನ್ನಲ್ಲ. ಡಿಸ್ಕ್ ಖಾಲಿ ಆದ ಮೇಲೆ ಅದೇ ಸಾಫ್ಟ್‌ವೇರ್‌ಗಳು, ಅದೇ "ನೆಕ್ಸ್ಟ್, ನೆಕ್ಸ್ಟ್, ಫಿನಿಶ್". ಆ ನೆಕ್ಸ್ಟ್‌ಗಳ ನಡುವೆ ಎಲ್ಲೋ ಒಂದು ಕಡೆ "ಕಂಪ್ಯೂಟರ್ ಶುರುವಾದಾಗ ನನ್ನನ್ನೂ ಶುರು ಮಾಡು" ಅನ್ನೋ ಚೌಕದಲ್ಲಿ ಮೊದಲೇ ಟಿಕ್ ಬಿದ್ದಿರುತ್ತೆ. ಅದನ್ನು ಯಾರೂ ಓದೋದಿಲ್ಲ. ಆರು ತಿಂಗಳಲ್ಲಿ ಪಟ್ಟಿ ಮತ್ತೆ ತುಂಬುತ್ತೆ.

ಹಾಗಂತ ಎಲ್ಲಾನೂ ಬಂದ್ ಮಾಡಬೇಡಿ

ಫಾರ್ಮ್ಯಾಟಿಗೆ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ಚಾಳಿ ಇದೆ. "ಸ್ಟಾರ್ಟಪ್‌ನಲ್ಲಿ ಇರೋದೆಲ್ಲಾ ಡಿಸೇಬಲ್ ಮಾಡಿ, ಕಂಪ್ಯೂಟರ್ ರಾಕೆಟ್ ಆಗುತ್ತೆ" ಅನ್ನೋ ಎರಡು ನಿಮಿಷದ ವಿಡಿಯೋಗಳು. ಗೇಮ್ ಆಡುವ ಲ್ಯಾಪ್‌ಟಾಪಿಗೆ ಅದು ನಡೆದೀತು. ಹಲಗೇರಿಯಂಥ ಊರಿನ ಆನ್‌ಲೈನ್ ಸೆಂಟರಿಗೆ ನಡೆಯಲ್ಲ. ಯಾಕೆ ಅಂತ ಎರಡು ಉದಾಹರಣೆ ಕೊಡ್ತೀವಿ.

ಮೊದಲನೆಯದು ಬೆರಳಿನ ಡಿವೈಸ್. ಆಧಾರ್‌ಗೆ ಬೆರಳು ಒತ್ತುವ ಡಿವೈಸ್ ಸುಮ್ಮನೆ ಯುಎಸ್‌ಬಿಗೆ ಚುಚ್ಚಿದರೆ ಕೆಲಸ ಮಾಡಲ್ಲ. ಅದರ ಜೊತೆಗೆ ಆರ್‌ಡಿ ಸರ್ವಿಸ್, ಅಂದರೆ ರಿಜಿಸ್ಟರ್ಡ್ ಡಿವೈಸ್ ಸರ್ವಿಸ್ ಅನ್ನೋದು ಹಿಂದೆ ಓಡ್ತಾ ಇರಬೇಕು. ಬೆರಳಿನ ಗುರುತನ್ನು ಗೂಢಲಿಪಿಗೆ ಬದಲಿಸಿ, ಇದು ನೋಂದಣಿಯಾದ ಡಿವೈಸಿನಿಂದಲೇ ಬಂದಿದ್ದು ಅಂತ ಸಹಿ ಹಾಕಿ ಮುಂದೆ ಕಳಿಸುವ ವ್ಯವಸ್ಥೆ ಇದು. ವೆಬ್‌ಸೈಟು ಇದನ್ನು ಅದೇ ಕಂಪ್ಯೂಟರಿನ ಒಳಗೆ 11100ರಿಂದ 11120ರವರೆಗಿನ ಪೋರ್ಟುಗಳಲ್ಲಿ ಹುಡುಕುತ್ತೆ. ಸರ್ವಿಸ್ ಎದ್ದಿಲ್ಲ ಅಂದರೆ ಉತ್ತರ ಬರಲ್ಲ, "ಡಿವೈಸ್ ಸಿಗಲಿಲ್ಲ" ಅಂತ ಬರುತ್ತೆ.

ಈಗ ಒಬ್ಬ ಅಜ್ಜಿಯನ್ನು ನೆನಪಿಸಿಕೊಳ್ಳಿ. ಜೀವಮಾನವೆಲ್ಲಾ ಹೊಲದಲ್ಲಿ ಕಳೆ ತೆಗೆದು, ಮೆಣಸಿನಕಾಯಿ ಬಿಡಿಸಿ ಬೆರಳು ಸವೆದಿದೆ. ಪಿಂಚಣಿಯದೋ ರೇಷನ್ನಿನದೋ ಕೆವೈಸಿಗೆ ಬಂದಿದ್ದಾಳೆ. ಒತ್ತಿದರೆ ಬರಲ್ಲ. ಇನ್ನೊಮ್ಮೆ ಒತ್ತಿದರೂ ಬರಲ್ಲ. "ನನ್ನ ಬೆಳ್ಳೇ ಸವದು ಹೋಗ್ಯಾವ ಬಿಡಪ್ಪ" ಅಂತ ಎದ್ದು ಹೊರಡ್ತಾಳೆ. ಬೆರಳು ಸವೆದು ಹೀಗಾಗುವುದೂ ನಿಜವಾಗಿ ಇದೆ, ಅದು ಬೇರೆ ತೊಂದರೆ. ಆದರೆ ಸರ್ವಿಸ್ ಶುರುವಾಗದೆ ಹೀಗಾದರೆ ತಪ್ಪು ಆಕೆಯ ಬೆರಳಿನದಲ್ಲ. ಇವೆರಡರಲ್ಲಿ ಯಾವುದು ಅಂತ ಹೇಳಲು ಆ ಟೇಬಲಿನ ಹಿಂದೆ ಕೂತವರಿಗೆ ಬರಬೇಕು. ಇಲ್ಲದಿದ್ದರೆ ಒಂದು ದಿನದ ಕೂಲಿ ಬಿಟ್ಟು ಬಂದವಳು ತನ್ನ ಕೈಯನ್ನೇ ಬೈದುಕೊಂಡು ಮನೆಗೆ ಹೋಗ್ತಾಳೆ.

ಗಮನಿಸಿ, ಇಂಥ ಸರ್ವಿಸ್‌ಗಳು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಕಾಣಲ್ಲ. ಸರ್ವಿಸಸ್ ಅನ್ನೋ ಬೇರೆ ಪಟ್ಟಿ ನೋಡಬೇಕು. ಅಲ್ಲಿ ಕೆಲವಕ್ಕೆ "ಆಟೋಮ್ಯಾಟಿಕ್", ಕೆಲವಕ್ಕೆ "ಆಟೋಮ್ಯಾಟಿಕ್, ತಡವಾಗಿ" ಅಂತ ಇರುತ್ತೆ. ತಡವಾಗಿ ಅಂದರೆ ಉಳಿದ ಸರ್ವಿಸ್‌ಗಳೆಲ್ಲ ಎದ್ದ ಮೇಲೆ ಸುಮಾರು ಎರಡು ನಿಮಿಷ ಬಿಟ್ಟು ಏಳುವುದು. ಮುಂಜಾನೆ ಮೊದಲ ಗಿರಾಕಿಗೆ ಮಾತ್ರ ಏನೋ ಕೈಕೊಟ್ಟು ಆಮೇಲೆ ದಿನವಿಡೀ ಸರಿಯಾಗಿ ನಡೀತಿದ್ದರೆ ಇದನ್ನೂ ಒಮ್ಮೆ ನೋಡಿ.

ಎರಡನೆಯದು ನಮ್ಮ ಕನ್ನಡ. ಕಂಪ್ಯೂಟರ್ ಆನ್ ಆದಾಗ ತಾನಾಗಿ ಶುರುವಾಗುವ ಪ್ರೋಗ್ರಾಂ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡವೇ ಬರದಿದ್ದ ಕಾಲ ಒಂದಿತ್ತು. ಶೇಷಾದ್ರಿವಾಸು ಅವರ "ಬರಹ" 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ "ನುಡಿ" ಸರ್ಕಾರಿ ಕಚೇರಿಯಿಂದ ಡಿಟಿಪಿ ಅಂಗಡಿಯವರೆಗೆ ಹರಡಿತು. ಅದರ ಕೀಲಿಮಣೆಗೆ ಮೂಲ ಕೆ.ಪಿ. ರಾವ್ ಅವರ ವಿನ್ಯಾಸ. ಇಂಥ ಪ್ರೋಗ್ರಾಂಗಳು ಹಿಂದೆ ಸದ್ದಿಲ್ಲದೆ ಕೂತು ನಾವು ಒತ್ತುವ ಒಂದೊಂದು ಕೀಲಿಯನ್ನೂ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುತ್ತವೆ. ನುಡಿಯಲ್ಲಿ ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಇದನ್ನು ಸ್ಟಾರ್ಟಪ್‌ನಿಂದ ತೆಗೆದರೆ ಮರುದಿನ ಮುಂಜಾನೆ ಟೈಪಿಸ್ಟ್ ಅಕ್ಕ ಹೇಳೋ ಮಾತು: "ಕಂಪ್ಯೂಟರ್ ಕನ್ನಡ ಮರತೈತ್ರಿ."

"ಈಗ ವಿಂಡೋಸ್‌ನಲ್ಲೇ ಕನ್ನಡ ಇದೆಯಲ್ಲ" ಅಂತೀರಿ. ಹೌದು, ಇದೆ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟಿನಿಂದ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಕೀಲಿಮಣೆಯೂ ಅದರ ಜೊತೆಗೇ ಬರುತ್ತೆ. ಹೊಸದಾಗಿ ಯೂನಿಕೋಡಿನಲ್ಲಿ ಬರೆಯುವವರಿಗೆ ಅದು ಸಾಕು. ಆದರೆ ಮದುವೆ ಕಾರ್ಡಿನ, ಬ್ಯಾನರಿನ ಹಳೇ ಫೈಲುಗಳು ಹಳೆಯ ನುಡಿ ಫಾಂಟುಗಳಲ್ಲಿವೆ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆಯೇ ಕನ್ನಡದ ಆಕಾರ ಕೂರಿಸಿದ್ದಾರೆ. ಫಾರ್ಮ್ಯಾಟ್ ಆಗಿ ಫಾಂಟು ಹೋದರೆ ಅದೇ ಫೈಲು ತೆರೆದಾಗ "ಶುಭ ವಿವಾಹ" ಇದ್ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಹತ್ತು ವರ್ಷದ ಕೆಲಸ ಕಣ್ಣೆದುರೇ ಇರುತ್ತೆ, ಓದಲು ಮಾತ್ರ ಬರಲ್ಲ.

ಹಾಗಾಗಿ ಪ್ರಶ್ನೆ "ಎಷ್ಟು ತೆಗೀಬೇಕು" ಅನ್ನೋದಲ್ಲ. ಪ್ರತಿ ಹೆಸರಿಗೂ "ನೀನು ಯಾರು, ಯಾರ ಕೆಲಸಕ್ಕೆ ಬಂದೆ" ಅಂತ ಕೇಳುವುದು.

ಹುಡುಕುವ ಕ್ರಮ

ಸ್ಲೋ ಆಗಿದ್ದು ಬೇರೆ, ಆನ್ ಆದ ಮೇಲೆ ಹ್ಯಾಂಗ್ ಆಗೋದು ಬೇರೆ. ಎರಡನೆಯದರಲ್ಲಿ ತಪ್ಪಿತಸ್ಥ ಯಾರು ಅಂತ ಹೆಸರು ನೋಡಿ ಗೊತ್ತಾಗಲ್ಲ. ಇಲ್ಲಿ ಡೇಟಾ ಸ್ಟ್ರಕ್ಚರ್ ಲ್ಯಾಬಿನ ಬೈನರಿ ಸರ್ಚ್ ನಿಜವಾಗಿ ಕೆಲಸಕ್ಕೆ ಬರುತ್ತೆ. ಹದಿನಾರು ಹೆಸರು ಇದ್ದರೆ ಎಂಟನ್ನು ನಿಲ್ಲಿಸಿ ರೀಸ್ಟಾರ್ಟ್ ಮಾಡಿ. ತೊಂದರೆ ಹೋಯ್ತಾ? ಹಾಗಾದರೆ ಕಳ್ಳ ಆ ಎಂಟರಲ್ಲಿದ್ದಾನೆ. ಹೋಗಲಿಲ್ವಾ? ಇನ್ನೊಂದು ಎಂಟರಲ್ಲಿ. ಎಂಟು ನಾಲ್ಕಾಗುತ್ತೆ, ನಾಲ್ಕು ಎರಡಾಗುತ್ತೆ, ಎರಡು ಒಂದಾಗುತ್ತೆ. ನಾಲ್ಕು ರೀಸ್ಟಾರ್ಟಿಗೆ ಹೆಸರು ಸಿಗುತ್ತೆ. ಒಂದೇ ಎಚ್ಚರಿಕೆ: ಇದು ಕಳ್ಳ ಒಬ್ಬನೇ ಇದ್ದಾಗ ನಡೆಯುವ ಲೆಕ್ಕ. ಎರಡು ಆ್ಯಂಟಿವೈರಸ್ ಒಂದಕ್ಕೊಂದು ಜಗಳ ಮಾಡ್ತಿದ್ದರೆ ಬೇರೆ ಬೇರೆ ಇದ್ದಾಗ ಇಬ್ಬರೂ ಸಂಭಾವಿತರೇ. ಆಗ ಎಲ್ಲರನ್ನೂ ಹೊರಗೆ ನಿಲ್ಲಿಸಿ ಒಬ್ಬೊಬ್ಬರನ್ನೇ ಒಳಗೆ ಕರೆಯಬೇಕು.

ಮಾಡುವಾಗ ನೆನಪಿಡಬೇಕಾದ ನಾಲ್ಕು ಮಾತು. ಒಂದು, ಶಟ್ ಡೌನ್ ಮಾಡಿ ಆನ್ ಮಾಡಬೇಡಿ, ರೀಸ್ಟಾರ್ಟೇ ಮಾಡಿ. ವಿಂಡೋಸ್ 8ರಿಂದ ಬಂದಿರುವ ಫಾಸ್ಟ್ ಸ್ಟಾರ್ಟಪ್‌ನಲ್ಲಿ ಶಟ್ ಡೌನ್ ಮಾಡಿದರೂ ಕರ್ನೆಲ್ಲು, ಡ್ರೈವರುಗಳು ಇದ್ದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮತ್ತೆ ಅಲ್ಲಿಂದಲೇ ಏಳುತ್ತೆ. ರೀಸ್ಟಾರ್ಟ್ ಆದರೆ ಮೊದಲಿನಿಂದ ಏಳುತ್ತೆ. ಎರಡು, ಏನು ನಿಲ್ಲಿಸಿದ್ರಿ ಅಂತ ಹಾಳೆಯ ಮೇಲೆ ಬರೆದುಕೊಳ್ಳಿ. ಮೂರು, ಮೊದಲು ಡಿಸೇಬಲ್ ಮಾತ್ರ, ಡಿಲೀಟ್ ಬೇಡ. ನಾಲ್ಕು, "ಇಂಪ್ಯಾಕ್ಟ್: ಹೈ" ಅಂತ ಇದ್ದ ಮಾತ್ರಕ್ಕೆ ಅದು ಕೆಟ್ಟದ್ದು ಅಂದುಕೊಳ್ಳಬೇಡಿ. ಶುರುವಾಗುವಾಗ 1 ಸೆಕೆಂಡಿಗಿಂತ ಹೆಚ್ಚು ಸಿಪಿಯು ಸಮಯ ತಗೊಂಡರೆ ಅಥವಾ ಡಿಸ್ಕಿನಲ್ಲಿ 3 ಎಂಬಿಗಿಂತ ಹೆಚ್ಚು ಓದಿ-ಬರೆದರೆ ವಿಂಡೋಸ್ ಅದನ್ನು ಹೈ ಅನ್ನುತ್ತೆ. ಅದು ಎಷ್ಟು ತಿಂತು ಅನ್ನೋದರ ಲೆಕ್ಕ ಮಾತ್ರ, ಒಳ್ಳೆಯವನೋ ಕೆಟ್ಟವನೋ ಅನ್ನೋದರ ಸರ್ಟಿಫಿಕೇಟ್ ಅಲ್ಲ.

ಹೆಸರು ಅನುಮಾನ ಬಂದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಫೈಲು ಎಲ್ಲಿದೆ ಅಂತ ನೋಡಿ. ವಿಂಡೋಸ್‌ನದೇ ಹೆಸರು ಇಟ್ಟುಕೊಂಡು ಟೆಂಪ್ ಫೋಲ್ಡರಿನಲ್ಲೋ ಪೆನ್ ಡ್ರೈವಿನಲ್ಲೋ ಮನೆ ಮಾಡಿದ್ದರೆ ಅವನು ವೇಷ ಹಾಕಿದವನು. ಇನ್ನೂ ಆಳಕ್ಕೆ ಹೋಗಬೇಕು ಅನ್ನುವವರಿಗೆ ಆಟೋರನ್ಸ್ ಅನ್ನೋ ಟೂಲ್ ಇದೆ, ಉಚಿತ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಶುರು ಮಾಡಿದ ಸಿಸ್‌ಇಂಟರ್ನಲ್ಸ್‌ನದು. 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ರನ್ ಕೀ, ಸರ್ವಿಸ್, ಡ್ರೈವರ್, ಶೆಡ್ಯೂಲ್ ಮಾಡಿದ ಟಾಸ್ಕ್ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತೆ. ಲಿನಕ್ಸ್ ಬಳಸುವ ಗೆಳೆಯರಿಗೆ "ಸಿಸ್ಟಂಡಿ-ಅನಲೈಸ್ ಬ್ಲೇಮ್" ಅನ್ನೋ ಆಜ್ಞೆ ಗೊತ್ತಿರಬಹುದು. ಯಾರು ಎಷ್ಟು ಹೊತ್ತು ತಗೊಂಡರು ಅಂತ ಸಾಲಾಗಿ ಹೇಳುತ್ತೆ. ಆದರೆ ಒಂದು ಸರ್ವಿಸ್ ಇನ್ನೊಂದಕ್ಕಾಗಿ ಕಾಯ್ತಾ ಕೂತಿದ್ದರೂ ಅದರ ಲೆಕ್ಕಕ್ಕೇ ಸಮಯ ಬೀಳುತ್ತೆ. ಪಟ್ಟಿಯ ಮೇಲಿರುವವನೇ ತಪ್ಪು ಮಾಡಿದ ಅಂತ ಅಲ್ಲ. ಪಟ್ಟಿ ಓದುವುದು ಅಂದರೆ ಇಷ್ಟನ್ನೂ ಸೇರಿಸಿ ಓದುವುದು.

ಜಗತ್ತು ನಿಂತ ಶುಕ್ರವಾರ

ಇದೆಲ್ಲಾ ಹಳ್ಳಿ ಅಂಗಡಿಯ ಸಣ್ಣ ವಿಷಯ ಅಂತ ಅನ್ನಿಸಿದರೆ 2024ರ ಜುಲೈ 19ನ್ನು ನೆನಪಿಸಿಕೊಳ್ಳಿ. ಅಂದು ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪನಿಯ ಭದ್ರತಾ ಸಾಫ್ಟ್‌ವೇರಿಗೆ ಒಂದು ತಪ್ಪು ಅಪ್‌ಡೇಟ್ ಬಂತು. ಆ ಸಾಫ್ಟ್‌ವೇರ್ ವಿಂಡೋಸ್ ಏಳುವಾಗಲೇ ಕರ್ನೆಲ್ ಜೊತೆ ಶುರುವಾಗುವಂಥದ್ದು. ಹಾಗಾಗಿ ಕಂಪ್ಯೂಟರ್ ಏಳೋದು, ನೀಲಿ ಪರದೆ ತೋರಿಸಿ ಬೀಳೋದು, ಮತ್ತೆ ಏಳೋದು, ಮತ್ತೆ ಬೀಳೋದು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳು ಹೀಗೆ ಮಲಗಿದವು. ಆಸ್ಪತ್ರೆ, ಬ್ಯಾಂಕು, ವಿಮಾನ ಎಲ್ಲದಕ್ಕೂ ಪೆಟ್ಟು. ಬೆಂಗಳೂರು ಸೇರಿ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಚೆಕ್-ಇನ್ ಕೆಲಸ ಕೈಯಿಂದ ಮಾಡಬೇಕಾಯ್ತು.

ಪರಿಹಾರ ಏನಿತ್ತು ಗೊತ್ತಾ? ಸೇಫ್ ಮೋಡಿನಲ್ಲಿ ಎಬ್ಬಿಸಿ, ಒಂದು ಫೋಲ್ಡರಿಗೆ ಹೋಗಿ, ಒಂದು ಫೈಲು ಅಳಿಸಿ, ರೀಸ್ಟಾರ್ಟ್ ಮಾಡೋದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದಕ್ಕೂ ಮೊದಲು 48 ಅಂಕಿಯ ರಿಕವರಿ ಕೀ ಹಾಕಬೇಕು. ಬಹಳಷ್ಟು ಕಡೆ ಇದನ್ನು ಮನುಷ್ಯರು ಒಂದೊಂದೇ ಮಷಿನ್ ಮುಂದೆ ಕೂತು ಕೈಯಾರೆ ಮಾಡಿದರು. ಸೇಫ್ ಮೋಡ್ ಅಂದರೆ ಬೇರೇನಲ್ಲ, ಅತ್ಯಗತ್ಯವಾದವರನ್ನು ಬಿಟ್ಟು ಉಳಿದವರು ಬಾಗಿಲ ಹೊರಗೇ ನಿಲ್ಲಿ ಅನ್ನುವುದು. ಹಲಗೇರಿಯ ಟೇಬಲ್ ಮೇಲೆ ಮಾಡುವ ಕೆಲಸವೂ ಅದೇ ಜಾತಿಯದು. ಎಲ್ಲರಿಗಿಂತ ಮೊದಲು ಏಳುವ ಹಕ್ಕು ಯಾರಿಗೆ ಕೊಟ್ಟಿದ್ದೀವೋ ಅವರ ಕೈಯಲ್ಲಿ ನಮ್ಮ ಇಡೀ ದಿನ ಇರುತ್ತೆ. ಆ ಹಕ್ಕು ಯಾರ್ಯಾರಿಗೆ ಹೋಗಿದೆ ಅಂತ ಯಜಮಾನರಿಗೇ ಗೊತ್ತಿಲ್ಲ ಅನ್ನೋದು ನಮ್ಮ ತಕರಾರು.

ಎದುರು ಮಾತುಗಳು

"ಎಸ್‌ಎಸ್‌ಡಿ ಹಾಕಿಸಿದರೆ ಮುಗೀತು" ಅಂತ ಕೆಲವರು ಹೇಳ್ತಾರೆ. ಅದರಲ್ಲಿ ಸತ್ಯ ಇದೆ. ಹಳೇ ಹಾರ್ಡ್ ಡಿಸ್ಕಿಗೆ ಹೋಲಿಸಿದರೆ ಅದು ಬಹಳ ಅಗಲ ಬಾಗಿಲಿನ ಬಸ್ಸು. ದುಡ್ಡು ಇದ್ದವರು ಖಂಡಿತ ಹಾಕಿಸಲಿ. ಆದರೆ ಟವೆಲ್ ಹಾಕಿದವರು ಬಸ್ಸಿನ ಒಳಗೆ ಹಾಗೇ ಇರ್ತಾರೆ. 4 ಜಿಬಿ ಮೆಮೊರಿಯ ಕಂಪ್ಯೂಟರಿನಲ್ಲಿ ಆ ಸೀಟುಗಳಿಗೂ ಬೆಲೆ ಇದೆ. ಫೈಲ್ ಸಿಗ್ತಿಲ್ಲ ಅನ್ನೋ ಡಬ್ಬಿಯಂತೂ ಎಸ್‌ಎಸ್‌ಡಿಯಲ್ಲಿ ಇನ್ನೂ ಬೇಗ ಬರುತ್ತೆ ಅಷ್ಟೇ!

"ರಿಪೇರಿಯವರು ಬದುಕೋದು ಬೇಡ್ವಾ?" ಇದು ನ್ಯಾಯವಾದ ಮಾತು. ಪಟ್ಟಿ ಓದೋಕೆ ಒಂದು ತಾಸು ಹೋಗುತ್ತೆ, ಅದಕ್ಕೆ ಯಾರೂ ದುಡ್ಡು ಕೊಡಲ್ಲ. "ಸುಮ್ನ ನೋಡಿದ್ದಕ್ಕ ಎಂಥಾ ರೊಕ್ಕ" ಅಂತಾರೆ. ಫಾರ್ಮ್ಯಾಟ್ ಮಾಡಿದರೆ ಕೆಲಸ ಮಾಡಿದ್ದು ಕಣ್ಣಿಗೆ ಕಾಣುತ್ತೆ, ದುಡ್ಡು ಸಿಗುತ್ತೆ. ಹಾಗಾಗಿ ನಾವು ರಿಪೇರಿಯವರನ್ನು ಬೈಯ್ತಿಲ್ಲ. ಡಿಸ್ಕ್ ಕೆಟ್ಟಿದ್ದರೆ, ವೈರಸ್ ಬೇರುಬಿಟ್ಟಿದ್ದರೆ ಫಾರ್ಮ್ಯಾಟೇ ಸರಿ. ನೋಡುವ ಕೆಲಸಕ್ಕೂ ಬೆಲೆ ಇದೆ ಅಂತ ಊರಿಗೆ ಗೊತ್ತಾಗುವವರೆಗೆ ಅದನ್ನು ಸಮಯ ಇರುವ ನಾವು ಮಾಡೋಣ ಅನ್ನೋದಷ್ಟೇ ನಮ್ಮ ಮಾತು.

ಡಿಸೇಬಲ್‌ಗೆ ಕನ್ನಡ ಏನು?

ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಡಿಸೇಬಲ್, ಸರ್ವಿಸ್, ರಿಜಿಸ್ಟ್ರಿ ಅನ್ನೋ ಪದಗಳು ನಮಗೆ ನೀರು ಕುಡಿದಷ್ಟು ಸುಲಭ. ಆದರೆ ಹಲಗೇರಿಯ ಯಜಮಾನರು "ಡಿಸೇಬಲ್ ಅಂದ್ರ ಡಿಲೀಟ್ ಏನ್ರೀ? ಹೋಗಿಬಿಡತೈತೇನು?" ಅಂತ ಕೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಆಮೇಲೆ ನಮ್ಮಲ್ಲೊಬ್ಬಳು ಹೇಳಿದಳು: "ಇಲ್ರೀ ಕಾಕಾ, ಮನಿ ಬಿಡಿಸಿ ಕಳಸೂದಲ್ಲ. ಕರದಾಗ ಬಾ, ಕರೀಲಾರದ ಬರಬ್ಯಾಡ ಅನ್ನೂದು." ಅವರಿಗೆ ಆ ಕ್ಷಣಕ್ಕೆ ಅರ್ಥವಾಯ್ತು. ಮುಂದಿನ ಐದು ಹೆಸರುಗಳನ್ನು ಅವರೇ ನೋಡಿ "ಇದನ್ನೂ ಕರದಾಗ ಬಾ ಅನ್ರಿ" ಅಂತ ನಿರ್ಧಾರ ಮಾಡಿದರು.

ಕನ್ನಡ ಸಂಘ ಅಂದರೆ ರಾಜ್ಯೋತ್ಸವಕ್ಕೆ ಧ್ವಜ ಕಟ್ಟಿ, ಹಾಡು ಹಾಡಿ, ಶಾಲು ಹೊದಿಸೋದು ಮಾತ್ರ ಅಲ್ಲ ಅಂತ ನಾವು ನಂಬಿದ್ದೀವಿ. ಅದೂ ಇರಲಿ, ಅದರ ಜೊತೆಗೆ ಇದೂ ಇರಲಿ. ತಾನು ದುಡ್ಡು ಕೊಟ್ಟು ತಂದ ಮಷಿನ್ ತನ್ನ ಮಾತು ಯಾಕೆ ಕೇಳ್ತಿಲ್ಲ ಅಂತ ಒಬ್ಬರಿಗೆ ಅವರ ಮಾತಿನಲ್ಲೇ ತಿಳಿಸೋದು ಕನ್ನಡದ ಕೆಲಸ ಅಲ್ಲದೆ ಇನ್ನೇನು?

ನಮ್ಮ ಪ್ರಸ್ತಾಪ ಇಷ್ಟು. ಈ ಸಲ ರಜೆಗೆ ಊರಿಗೆ ಹೋಗುವ ಪ್ರತಿಯೊಬ್ಬರೂ ಒಂದೊಂದು ಕಂಪ್ಯೂಟರ್ ಹಿಡಿಯಲಿ. ಹಲಗೇರಿಯ ಆನ್‌ಲೈನ್ ಸೆಂಟರ್, ರಾಣೆಬೆನ್ನೂರಿನ ಬೀಜದ ಅಂಗಡಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ, ಹಾವೇರಿಯ ಡಿಟಿಪಿ, ಯಾವುದಾದರೂ ಸರಿ. ಯಜಮಾನರ ಒಪ್ಪಿಗೆ ತಗೊಂಡು, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿ ಓದಿ. ಆ ಕಂಪ್ಯೂಟರುಗಳಲ್ಲಿ ಊರವರ ಆಧಾರ್, ಪಾಸ್‌ಬುಕ್ ಪ್ರತಿಗಳು ಇರುತ್ತವೆ. ಬೇರೆ ಯಾವ ಫೋಲ್ಡರನ್ನೂ ತೆರೆಯಬೇಡಿ. ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಹೆಸರು, ಏನು ಕೆಲಸ, ಯಾವಾಗ ಬೇಕು, ನಿಲ್ಲಿಸಿದರೆ ಏನಾಗುತ್ತೆ. ಎಲ್ಲಾ ಕನ್ನಡದಲ್ಲಿ, ದುಂಡಗೆ. "ನುಡಿ: ಕನ್ನಡ ಟೈಪ್ ಮಾಡಲು. ದಿನಾ ಬೇಕು. ನಿಲ್ಲಿಸಿದರೆ ಕನ್ನಡ ಬರಲ್ಲ." "ಆರ್‌ಡಿ ಸರ್ವಿಸ್: ಬೆರಳು ಒತ್ತಲು. ದಿನಾ ಬೇಕು. ನಿಲ್ಲಿಸಿದರೆ ಯಾರ ಬೆರಳೂ ಬರಲ್ಲ." ಕೆಳಗೆ ತಾರೀಖು ಹಾಕಿ ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ.

ಆ ಹಾಳೆಯ ಒಂದು ಫೋಟೋ ನಮ್ಮ ಕ್ಲಬ್ಬಿಗೂ ಕಳಿಸಿ. ಇಪ್ಪತ್ತು ಹಾಳೆ ಸೇರಿದರೆ ಅದನ್ನೇ ಕೂಡಿಸಿ ನಮ್ಮ ಜಿಲ್ಲೆಯ ಅಂಗಡಿಗಳಿಗೆ ಒಂದು ಕನ್ನಡ ಕೈಪಿಡಿ ಮಾಡಬಹುದು. ಹೆಸರು ಹೊಳೆಯದ ಪದ ಬಂದರೆ ಇಂಗ್ಲಿಷಿನಲ್ಲೇ ಬಿಡಿ, ಮುಂದೆ ಎರಡು ಸಾಲು ಕನ್ನಡದಲ್ಲಿ ಬಿಡಿಸಿ ಬರೆಯಿರಿ. ಹಲಗೇರಿಯ ಹಾಳೆ ಮೊದಲನೆಯದು, ಅದು ನಮ್ಮ ಹತ್ತಿರ ಇದೆ. ಎರಡನೆಯದು ಯಾವ ಊರಿನಿಂದ ಬರುತ್ತೆ ನೋಡೋಣ.